ಇಟಾಲಿಯನ್‌ನಲ್ಲಿ ‘ಹೋಗುತ್ತಿದ್ದೆ, ಮಾಡುತ್ತಿದ್ದೆ’: ಇಂಪೆರ್ಫೆತ್ತೊ ಬಳಕೆಗೆ ಸಮಗ್ರ ಮಾರ್ಗದರ್ಶಿ

ಚಿಕ್ಕವರಿದ್ದಾಗ ರಜೆ ಹೇಗೆ ಕಳೆಯುತ್ತಿದ್ದಿರಿ? ಮೊದಲು ಎಲ್ಲಿ ಕೆಲಸ ಮಾಡುತ್ತಿದ್ದಿರಿ? ಇಟಾಲಿಯನ್ ಕಲಿಕೆಯ ಎ2 ಹಂತದಲ್ಲೇ (ಆರಂಭದ ಎರಡನೆಯ ಮೆಟ್ಟಿಲು) ಈ ಪ್ರಶ್ನೆಗಳು ಎದುರಾಗುತ್ತವೆ. ಸಿಯೆನಾದ ವಿದೇಶಿಯರ ವಿಶ್ವವಿದ್ಯಾಲಯ ನಡೆಸುವ ಚಿಲ್ಸ್, ಪೆರೂಜಾದ ಅಂಥದೇ ವಿಶ್ವವಿದ್ಯಾಲಯ ನಡೆಸುವ ಚೆಲಿ ಪರೀಕ್ಷೆಗಳಿಗೆ ಕೂರುವವರಿಗೂ ಇದು ಬೇಕೇ ಬೇಕು. ಉತ್ತರ ಕೊಡಲು ಬೇಕಾದ ಕ್ರಿಯಾರೂಪದ ಹೆಸರು ‘ಇಂಪೆರ್ಫೆತ್ತೊ’.

ಕನ್ನಡಿಗರು ಇದನ್ನು ಹೆಚ್ಚಾಗಿ ಇಂಗ್ಲಿಷ್ ಪಠ್ಯಪುಸ್ತಕದಿಂದ ಕಲಿಯುತ್ತಾರೆ, ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ಇಂಗ್ಲಿಷಿನ ‘ವೆಂಟ್’ ಎಂಬ ಒಂದೇ ರೂಪ ‘ನಿನ್ನೆ ಹೋದೆ’ ಎನ್ನಲೂ ಸಾಕು, ‘ದಿನಾ ಹೋಗುತ್ತಿದ್ದೆ’ ಎನ್ನಲೂ ಸಾಕು. ಆದ್ದರಿಂದ ಆ ಪುಸ್ತಕಗಳು ಯಾವಾಗ ಯಾವ ರೂಪ ಎಂದು ಪುಟಗಟ್ಟಲೆ ನಿಯಮ ಕೊಡಬೇಕಾಗುತ್ತದೆ. ಕನ್ನಡದಲ್ಲಿ ಮೊದಲಿನಿಂದಲೂ ಎರಡು ರೂಪಗಳಿವೆ. ‘ಹೋದೆ’ ಬೇರೆ, ‘ಹೋಗುತ್ತಿದ್ದೆ’ ಬೇರೆ. ಇಟಾಲಿಯನ್ನಿನಲ್ಲೂ ಹಾಗೆಯೇ: ‘ಸೋನೊ ಅಂದಾತೊ’ ಎಂದರೆ ಹೋದೆ, ‘ಅಂದಾವೊ’ ಎಂದರೆ ಹೋಗುತ್ತಿದ್ದೆ. ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ನೇರವಾಗಿ ಇಟಾಲಿಯನ್ನಿಗೆ ಹೋದರೆ ಅರ್ಧಕ್ಕಿಂತ ಹೆಚ್ಚು ದಾರಿ ಸಲೀಸು. ಉಳಿದ ದಾರಿಯಲ್ಲಿ ಕನ್ನಡವೇ ನಮ್ಮನ್ನು ತಪ್ಪಿಸುವ ಕೆಲವು ತಿರುವುಗಳಿವೆ. ಈ ಬರಹದ ಹೆಚ್ಚಿನ ಜಾಗ ಅವಕ್ಕೇ ಮೀಸಲು.

ಓದುವ ಕ್ರಮದ ಬಗ್ಗೆ ಒಂದು ಮಾತು. ಇಲ್ಲಿ ಇಟಾಲಿಯನ್ ಪದಗಳಲ್ಲಿ ದೀರ್ಘ ಹಾಕಿರುವ ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಇಟಾಲಿಯನ್ನಿನಲ್ಲಿ ಒತ್ತು ಬಿದ್ದ ಸ್ವರದ ಮುಂದೆ ಅದೇ ಉಚ್ಚಾರಾಂಶದಲ್ಲಿ ವ್ಯಂಜನ ಇಲ್ಲದಿದ್ದರೆ ಆ ಸ್ವರ ನಿಜವಾಗಿಯೂ ಎಳೆಯುತ್ತದೆ, ಹಾಗಾಗಿ ಕನ್ನಡ ಲಿಪಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ತ, ದ ಅಕ್ಷರಗಳನ್ನು ಕನ್ನಡದ ತ, ದಗಳಂತೆಯೇ ಹೇಳಿ, ಟ, ಡ ಮಾಡಬೇಡಿ.

ಹಂತ 1: ಮೊದಲು ಕನ್ನಡದಲ್ಲಿ ಕೇಳಿಸಿಕೊಳ್ಳಿ

ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡು, ಕೊನೆಯ ಕ್ರಿಯಾಪದ ಹೇಗೆ ಮುಗಿಯಿತು ನೋಡಿ. ‘-ುತ್ತಿದ್ದೆ, -ುತ್ತಿದ್ದ, -ುತ್ತಿದ್ದರು’ ಎಂದು ಮುಗಿದರೆ ಇಂಪೆರ್ಫೆತ್ತೊ. ‘ಹೋದೆ, ತಿಂದೆ, ನೋಡಿದೆ’ ಎಂದು ಮುಗಿದರೆ ‘ಪಸ್ಸಾತೊ ಪ್ರೊಸ್ಸಿಮೊ’, ಅಂದರೆ ನಡೆದು ಮುಗಿದ ಘಟನೆ ಹೇಳುವ ರೂಪ.

ನಿಷೇಧದಲ್ಲಿ ಈ ಜರಡಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ‘ಹೋಗುತ್ತಿರಲಿಲ್ಲ’ ಎಂದರೆ ‘ನೊನ್ ಅಂದಾವೊ’, ‘ಹೋಗಲಿಲ್ಲ’ ಎಂದರೆ ‘ನೊನ್ ಸೋನೊ ಅಂದಾತೊ’. ‘ಎಂದೂ ಹೋಗುತ್ತಿರಲಿಲ್ಲ’ ಎನ್ನಲು ‘ಮಾಯಿ’ ಸೇರಿಸಿ: ‘ನೊನ್ ಅಂದಾವೊ ಮಾಯಿ’. ‘ಮಾಯಿ’ ಬಂದಿತೆಂದು ‘ನೊನ್’ ಬಿಡುವಂತಿಲ್ಲ, ಎರಡೂ ಬೇಕು.

ಹಂತ 2: ರೂಪ ಕಟ್ಟುವುದು

ನಿಘಂಟಿನಲ್ಲಿ ಸಿಗುವ ಕ್ರಿಯಾಪದದ ಕೊನೆಯ ‘ರೆ’ ತೆಗೆಯಿರಿ. ಉಳಿದದ್ದಕ್ಕೆ ಈ ಆರು ಪ್ರತ್ಯಯಗಳಲ್ಲಿ ಒಂದನ್ನು ಹಚ್ಚಿ: ವೊ (ನಾನು), ವಿ (ನೀನು), ವ (ಅವನು, ಅವಳು, ಅದು), ವಾಮೊ (ನಾವು), ವಾತೆ (ನೀವು), ವನೊ (ಅವರು, ಅವು). ‘-ಅರೆ, -ಎರೆ, -ಇರೆ’ ಎಂದು ಮುಗಿಯುವ ಮೂರು ಗುಂಪಿನ ಕ್ರಿಯಾಪದಗಳಿಗೂ ಇದೇ ಪ್ರತ್ಯಯ. ಹಿಂದಿನ ಅ, ಎ, ಇ ಹಾಗೆಯೇ ಉಳಿಯುತ್ತದೆ.

ಪರ್ಲಾರೆ (ಮಾತಾಡು): ಪರ್ಲಾವೊ, ಪರ್ಲಾವಿ, ಪರ್ಲಾವ, ಪರ್ಲವಾಮೊ, ಪರ್ಲವಾತೆ, ಪರ್ಲಾವನೊ.

ಪ್ರೆಂದೆರೆ (ತೆಗೆದುಕೋ): ಪ್ರೆಂದೇವೊ, ಪ್ರೆಂದೇವಿ, ಪ್ರೆಂದೇವ, ಪ್ರೆಂದೆವಾಮೊ, ಪ್ರೆಂದೆವಾತೆ, ಪ್ರೆಂದೇವನೊ.

ದೊರ್ಮೀರೆ (ಮಲಗು): ದೊರ್ಮೀವೊ, ದೊರ್ಮೀವಿ, ದೊರ್ಮೀವ, ದೊರ್ಮಿವಾಮೊ, ದೊರ್ಮಿವಾತೆ, ದೊರ್ಮೀವನೊ.

ದೀರ್ಘ ಎಲ್ಲಿದೆ ಗಮನಿಸಿ. ‘ನಾವು’, ‘ನೀವು’ ರೂಪಗಳಲ್ಲಿ ಮಾತ್ರ ಒತ್ತು ಪ್ರತ್ಯಯದ ಮೇಲೆ ಬರುತ್ತದೆ. ‘ಅವರು’ ರೂಪದಲ್ಲಿ ಅದು ಮತ್ತೆ ಹಿಂದಕ್ಕೆ ಸರಿಯುತ್ತದೆ. ‘ಪರ್ಲವಾಮೊ’ ಹೇಳಿದ ಓಘದಲ್ಲಿ ‘ಪರ್ಲವಾನೊ’ ಎಂದುಬಿಡುವುದು ಅತ್ಯಂತ ಸಾಮಾನ್ಯವಾದ ತಪ್ಪು, ಇಟಾಲಿಯನ್ನರ ಕಿವಿಗೆ ಕೂಡಲೇ ತಟ್ಟುತ್ತದೆ. ಇದನ್ನು ತಡೆಯಲು ರೂಪಗಳನ್ನು ಮೇಲಿಂದ ಕೆಳಗೆ ಬಾಯಿಪಾಠ ಮಾಡುವ ಬದಲು ‘ಪರ್ಲಾವ, ಪರ್ಲಾವನೊ’ ಎಂದು ಜೋಡಿ ಮಾಡಿ ಹೇಳಿ. ಏಕವಚನಕ್ಕೆ ‘ನೊ’ ಅಂಟಿಸಿದರೆ ಬಹುವಚನ. ಒತ್ತು ಇದ್ದಲ್ಲೇ ಉಳಿಯುತ್ತದೆ.

ಕೊನೆಯ ಸ್ವರ ನುಂಗಬೇಡಿ. ‘ಪರ್ಲಾವೊ’ ನಾನು, ‘ಪರ್ಲಾವ’ ಅವನು. ವ್ಯತ್ಯಾಸ ಕೊನೆಯ ಒಂದು ಸ್ವರದಲ್ಲಿದೆ. ಕನ್ನಡದ ಹ್ರಸ್ವ ಅಕಾರಕ್ಕೆ ಬಾಯಿ ಅರೆ ತೆರೆದರೂ ನಡೆಯುತ್ತದೆ, ಇಟಾಲಿಯನ್ ಅಕಾರಕ್ಕೆ ‘ಆ’ ಎನ್ನುವಷ್ಟೇ ಅಗಲವಾಗಿ ತೆರೆಯಬೇಕು, ಆದರೆ ಎಳೆಯಬಾರದು. ವಕಾರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ.

ಅಪವಾದಗಳು ಬೆರಳೆಣಿಕೆಯಷ್ಟು. ‘ಎಸ್ಸೆರೆ’ (ಇರು, ಆಗಿರು) ಒಂದೇ ಪೂರ್ತಿ ಬೇರೆ ದಾರಿ ಹಿಡಿಯುತ್ತದೆ: ಏರೊ, ಏರಿ, ಏರ, ಎರವಾಮೊ, ಎರವಾತೆ, ಏರನೊ. ಇನ್ನು ಕೆಲವು ಕ್ರಿಯಾಪದಗಳು ತಮ್ಮ ಹಳೆಯ ಉದ್ದನೆಯ ರೂಪದ ಮೇಲೆ ಪ್ರತ್ಯಯ ತೆಗೆದುಕೊಳ್ಳುತ್ತವೆ: ಫಾರೆ (ಮಾಡು) ಫಚೇವೊ, ದೀರೆ (ಹೇಳು) ದಿಚೇವೊ, ಬೇರೆ (ಕುಡಿ) ಬೆವೇವೊ, ಪೊರ್ರೆ (ಇಡು) ಪೊನೇವೊ, ತ್ರದುರ್ರೆ (ಅನುವಾದಿಸು) ತ್ರದುಚೇವೊ. ವರ್ತಮಾನದಲ್ಲಿ ಕಾಡುವ ಕ್ರಿಯಾಪದಗಳು ಇಲ್ಲಿ ಸಾಧುವಾಗುತ್ತವೆ: ‘ವಾದೊ’ ಎನ್ನುವವರು ‘ಅಂದಾವೊ’, ‘ಎಸ್ಕೊ’ ಎನ್ನುವವರು ‘ಉಶ್ಶೀವೊ’, ‘ಫಿನಿಸ್ಕೊ’ ಎನ್ನುವವರು ‘ಫಿನೀವೊ’ ಎಂದರೆ ಸಾಕು. ಏಳು, ಸ್ನಾನ ಮಾಡು ಮುಂತಾದ ಆತ್ಮಾರ್ಥಕ ಕ್ರಿಯೆಗಳಿಗೆ ಮುಂದೆ ಮಿ, ತಿ, ಸಿ, ಚಿ, ವಿ, ಸಿ ಎಂದಿನಂತೆ ಬರುತ್ತವೆ: ಮಿ ಅಲ್ತ್ಸಾವೊ (ಏಳುತ್ತಿದ್ದೆ), ಚಿ ಅಲ್ತ್ಸವಾಮೊ (ಏಳುತ್ತಿದ್ದೆವು).

ಹತ್ತೊಂಬತ್ತನೆಯ ಶತಮಾನದ ಮತ್ತು ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ‘ನಾನು’ ರೂಪವೂ ‘ಪರ್ಲಾವ’ ಎಂದೇ ಇರುವುದು ಕಾಣುತ್ತದೆ. ಅದು ಅಚ್ಚಿನ ತಪ್ಪಲ್ಲ, ಹಳೆಯ ಬಳಕೆ. ನೀವು ಅನುಸರಿಸಬೇಕಿಲ್ಲ.

ಹಂತ 3: ಕರ್ತೃವಿನ ವಿಚಾರ

ಕನ್ನಡದಂತೆ ಇಟಾಲಿಯನ್ನಿನಲ್ಲೂ ‘ನಾನು, ನೀನು’ ಬಿಡಬಹುದು, ಪ್ರತ್ಯಯವೇ ಹೇಳುತ್ತದೆ. ಆದರೆ ಎರಡು ಎಚ್ಚರಿಕೆಗಳಿವೆ.

‘ಹೋಗುತ್ತಿದ್ದ, ಹೋಗುತ್ತಿದ್ದಳು, ಹೋಗುತ್ತಿತ್ತು’ ಮೂರಕ್ಕೂ ‘ಅಂದಾವ’ ಒಂದೇ. ಅಣ್ಣ ತಂಗಿ ಇಬ್ಬರೂ ಒಂದೇ ಕಥನದಲ್ಲಿ ಬಂದರೆ ‘ಲೂಯಿ’ (ಅವನು), ‘ಲೇಯಿ’ (ಅವಳು) ಅಥವಾ ಹೆಸರು ಹಾಕದೆ ಗತಿಯಿಲ್ಲ.

ಎರಡನೆಯದು ನಮ್ಮ ಸಂಸ್ಕಾರಕ್ಕೇ ಸಂಬಂಧಿಸಿದ್ದು. ‘ಅಜ್ಜಿ ಅಡುಗೆ ಮಾಡುತ್ತಿದ್ದರು’ ಎಂದು ಗೌರವಕ್ಕೆ ಬಹುವಚನ ಹಚ್ಚಿ ರೂಢಿ, ಅದೇ ಕೈಯಲ್ಲಿ ‘ಲ ನೊನ್ನ ಫಚೇವನೊ’ ಎಂದು ಬರೆದರೆ ತಪ್ಪು. ‘ಲ ನೊನ್ನ ಫಚೇವ’ ಎಂದೇ ಆಗಬೇಕು. ಅಜ್ಜಿ, ಮೇಷ್ಟರು, ಪಾದ್ರಿ ಯಾರೇ ಆಗಲಿ, ಒಬ್ಬರಿದ್ದರೆ ಏಕವಚನ. ಎದುರಿಗಿರುವ ಹಿರಿಯರನ್ನು ಮಾತಾಡಿಸುವಾಗಲೂ ‘ಲೇಯಿ’ ಜೊತೆ ಪ್ರಥಮ ಪುರುಷ ಏಕವಚನ: ‘ಲೇಯಿ ದೋವೆ ಅಬಿತಾವ?’ (ನೀವು ಎಲ್ಲಿ ವಾಸವಿದ್ದಿರಿ?). ದಕ್ಷಿಣ ಇಟಲಿಯಲ್ಲಿ ಹಿರಿಯರಿಗೆ ‘ವೋಯಿ’ ಎನ್ನುವ ರೂಢಿ ಉಂಟು, ಆದರೂ ಕಲಿಯುವವರಿಗೆ ‘ಲೇಯಿ’ ಸುರಕ್ಷಿತ.

ಹಂತ 4: ಸರಣಿ ವಾಕ್ಯ ಬಿಡಿಸುವುದು

ಕನ್ನಡಿಗರ ಇಂಪೆರ್ಫೆತ್ತೊ ಹೆಚ್ಚು ಎಡವುವುದು ಇಲ್ಲಿಯೇ. ಪುಸ್ತಕಗಳಲ್ಲಿ ಇದರ ಪ್ರಸ್ತಾಪ ಇರುವುದಿಲ್ಲ, ಏಕೆಂದರೆ ಅವು ನಮಗಾಗಿ ಬರೆದವಲ್ಲ.

‘ಏಳು ಗಂಟೆಗೆ ಎದ್ದು, ಮುಖ ತೊಳೆದು, ಹಾಲು ಕುಡಿದು ಶಾಲೆಗೆ ಹೋಗುತ್ತಿದ್ದೆ.’ ಈ ವಾಕ್ಯದಲ್ಲಿ ಅಭ್ಯಾಸ ಎಂಬುದನ್ನು ಹೊತ್ತಿರುವುದು ಕೊನೆಯ ಕ್ರಿಯಾಪದ ಒಂದೇ. ಎದ್ದು, ತೊಳೆದು, ಕುಡಿದು ಎಂಬವು ಅದರ ನೆರಳಿನಲ್ಲಿ ಬರುತ್ತವೆ. ಇಟಾಲಿಯನ್ನಿನಲ್ಲಿ ಆ ನೆರಳಿಲ್ಲ. ಪ್ರತಿಯೊಂದು ಕ್ರಿಯೆಯೂ ತನ್ನ ಕಾಲವನ್ನು ತಾನೇ ಹೇಳಬೇಕು:

‘ಮಿ ಅಲ್ತ್ಸಾವೊ ಅಲ್ಲೆ ಸೆತ್ತೆ, ಮಿ ಲವಾವೊ ಲ ಫಚ್ಚ, ಬೆವೇವೊ ಇಲ್ ಲತ್ತೆ ಎ ಅಂದಾವೊ ಅ ಸ್ಕ್ವೋಲ.’

ಆದ್ದರಿಂದ ಬರೆಯುವ ಮೊದಲು ಕನ್ನಡ ವಾಕ್ಯವನ್ನು ಒಡೆಯಿರಿ: ಏಳುತ್ತಿದ್ದೆ, ತೊಳೆಯುತ್ತಿದ್ದೆ, ಕುಡಿಯುತ್ತಿದ್ದೆ, ಹೋಗುತ್ತಿದ್ದೆ. ಕನ್ನಡದಲ್ಲಿ ಹೀಗೆ ಹೇಳಿದರೆ ಪೆದ್ದುಪೆದ್ದಾಗಿ ಕೇಳುತ್ತದೆ, ಇಟಾಲಿಯನ್ನಿನಲ್ಲಿ ಇದೇ ಸಹಜ ಲಯ.

‘-ಆಗ’ ಹಚ್ಚಿದ ವಾಕ್ಯಗಳಲ್ಲೂ ಇದೇ ಬಲೆ. ‘ಮಳೆ ಬಂದಾಗ ಮನೆಯಲ್ಲೇ ಇರುತ್ತಿದ್ದೆವು.’ ‘ಬಂದಾಗ’ ಎಂಬುದು ಭೂತಕಾಲದಂತೆ ಕಾಣುವುದರಿಂದ ಅಲ್ಲಿ ಪಸ್ಸಾತೊ ಪ್ರೊಸ್ಸಿಮೊ ಹಾಕುವ ಮನಸ್ಸಾಗುತ್ತದೆ. ಆದರೆ ಬಂದದ್ದು ಒಂದು ಮಳೆಯಲ್ಲ, ಬಂದಾಗಲೆಲ್ಲ ಎಂದರ್ಥ. ಎರಡೂ ಕಡೆ ಇಂಪೆರ್ಫೆತ್ತೊ ಬರಬೇಕು: ‘ಕ್ವಂದೊ ಪ್ಯೊವೇವ, ರೆಸ್ತವಾಮೊ ಅ ಕಾಸ.’ ಪರೀಕ್ಷೆ ಸುಲಭ: ‘-ಆಗ’ ಇರುವಲ್ಲಿ ‘-ಆಗಲೆಲ್ಲ’ ಹಾಕಿ ನೋಡಿ, ಅರ್ಥ ಕೆಡದಿದ್ದರೆ ಇಂಪೆರ್ಫೆತ್ತೊ.

‘ಮನೆಪಾಠ ಮುಗಿಸಿದ ಮೇಲೆ ಹೊರಗೆ ಹೋಗುತ್ತಿದ್ದೆ’ ಎಂದು ಒಂದು ಪೂರ್ತಿ ಮುಗಿದೇ ಇನ್ನೊಂದು ಆಗುತ್ತಿತ್ತು ಎಂದು ಒತ್ತಿ ಹೇಳಬೇಕಾದರೆ ಮೊದಲಿನದಕ್ಕೆ ‘ಅವೇವೊ’ ಜೊತೆ ಕೃದಂತ: ‘ಕ್ವಂದೊ ಅವೇವೊ ಫಿನೀತೊ ಇ ಕೊಂಪಿತಿ, ಉಶ್ಶೀವೊ.’

ಹಂತ 5: ಕಾಲ ಸೂಚಿಸುವ ಪದಗಳು

ಒಞ್ಞಿ (ಪ್ರತಿ) ಪದದ ಮುಂದೆ ಸದಾ ಏಕವಚನ: ‘ಒಞ್ಞಿ ಸೇರ’ (ಪ್ರತಿ ಸಂಜೆ). ತುತ್ತಿ, ತುತ್ತೆ (ಎಲ್ಲ) ಪದಗಳ ಮುಂದೆ ಆರ್ಟಿಕಲ್ (ಇಲ್, ಲ, ಲೆ ಮುಂತಾದವು) ಮತ್ತು ಬಹುವಚನ: ‘ತುತ್ತೆ ಲೆ ಸೇರೆ’. ಅರ್ಥ ಒಂದೇ. ಸೆಂಪ್ರೆ (ಯಾವಾಗಲೂ), ಸ್ಪೆಸ್ಸೊ (ಆಗಾಗ), ದಿ ಸೋಲಿತೊ (ಸಾಮಾನ್ಯವಾಗಿ), ಕ್ವಲ್ಕೆ ವೊಲ್ತ (ಕೆಲವೊಮ್ಮೆ), ದಿ ರಾದೊ (ಅಪರೂಪಕ್ಕೆ), ಅ ಕ್ವೇಯಿ ತೆಂಪಿ (ಆ ಕಾಲದಲ್ಲಿ) ಕೈಯಲ್ಲಿರಲಿ.

ವಾರದ ದಿನದ ಹೆಸರಿಗೆ ಆರ್ಟಿಕಲ್ ಸೇರಿದರೆ ‘ಪ್ರತಿ’ ಎಂಬ ಅರ್ಥ ಬಂದುಬಿಡುತ್ತದೆ. ‘ಲ ದೊಮೇನಿಕ ಅಂದಾವೊ ಅಲ್ ಮೆರ್ಕಾತೊ’ ಎಂದರೆ ಭಾನುವಾರಗಳಂದು ಸಂತೆಗೆ ಹೋಗುತ್ತಿದ್ದೆ. ‘ದೊಮೇನಿಕ ಸೋನೊ ಅಂದಾತೊ ಅಲ್ ಮೆರ್ಕಾತೊ’ ಎಂದರೆ ಈ ಭಾನುವಾರ ಹೋದೆ. ಒಂದು ‘ಲ’ ಬಿಟ್ಟರೆ ಅಭ್ಯಾಸ ಹೋಗಿ ಒಂದು ದಿನದ ಸುದ್ದಿ ಆಗುತ್ತದೆ.

‘ಚಿಕ್ಕವನಿದ್ದಾಗ’ ಎನ್ನಲು ‘ದ ಬಂಬೀನೊ’, ಹೆಣ್ಣಾದರೆ ‘ದ ಬಂಬೀನ’, ಹಲವರಾದರೆ ‘ದ ಬಂಬೀನಿ’. ವಯಸ್ಸು ಹೇಳುವಾಗ ‘ನನಗೆ ಹತ್ತು ವರ್ಷ ಇದ್ದಾಗ’ ಎಂಬುದರ ‘ಇರು’ ನೋಡಿ ‘ಏರೊ’ ಹಾಕಬೇಡಿ, ವಯಸ್ಸಿಗೆ ‘ಅವೇರೆ’ ಕ್ರಿಯಾಪದ: ‘ಕ್ವಂದೊ ಅವೇವೊ ದ್ಯೇಚಿ ಅನ್ನಿ’. ‘ಏರೊ ಸೋಲಿತೊ’, ‘ಅವೇವೊ ಲಬಿತೂದಿನೆ ದಿ’ ಎಂಬ ‘ರೂಢಿ ಇತ್ತು’ ಎನ್ನುವ ಪದಗುಚ್ಛಗಳೂ ಇವೆ. ಬರಹದಲ್ಲಿ ಸರಿ, ಮಾತಿನಲ್ಲಿ ಬರೀ ಇಂಪೆರ್ಫೆತ್ತೊ ಸಾಕು.

ಹಂತ 6: ಎಣಿಕೆ ಮತ್ತು ಅವಧಿಯ ಬೇಲಿ

ಪದೇ ಪದೇ ಆದದ್ದೆಲ್ಲ ಇಂಪೆರ್ಫೆತ್ತೊ ಎಂಬ ತಿಳಿವಳಿಕೆ ಅರೆಬರೆ. ಒಟ್ಟು ಎಷ್ಟು ಸಲ ಅಥವಾ ಒಟ್ಟು ಎಷ್ಟು ಕಾಲ ಎಂದು ಬೇಲಿ ಹಾಕಿದ ಕೂಡಲೇ ಇಟಾಲಿಯನ್ ಪಸ್ಸಾತೊ ಪ್ರೊಸ್ಸಿಮೊಗೆ ಹೊರಳುತ್ತದೆ.

‘ಸೋನೊ ಅಂದಾತೊ ಅ ರೋಮ ತ್ರೆ ವೊಲ್ತೆ’: ರೋಮ್‌ಗೆ ಮೂರು ಸಲ ಹೋದೆ. ಲೆಕ್ಕ ಮುಗಿದಿದೆ. ‘ಅಂದಾವೊ ಅ ರೋಮ ತ್ರೆ ವೊಲ್ತೆ ಅಲ್ಲನ್ನೊ’: ವರ್ಷಕ್ಕೆ ಮೂರು ಸಲ ಹೋಗುತ್ತಿದ್ದೆ. ಇದು ದರ, ಒಟ್ಟು ಲೆಕ್ಕವಲ್ಲ. ಹಾಗಾಗಿ ಇಂಪೆರ್ಫೆತ್ತೊ.

ಅವಧಿಯ ವಿಷಯದಲ್ಲಿ ಕನ್ನಡ ಸಹಾಯಕ್ಕೆ ಬರುವುದಿಲ್ಲ. ‘ತೊರೀನೊದಲ್ಲಿ ಎಂಟು ವರ್ಷ ಇದ್ದೆ’, ‘ಆಗ ತೊರೀನೊದಲ್ಲಿ ಇದ್ದೆ’ ಎರಡರಲ್ಲೂ ‘ಇದ್ದೆ’ಯೇ. ಇಟಾಲಿಯನ್ನಿನಲ್ಲಿ ಮೊದಲಿನದು ‘ಒ ಅಬಿತಾತೊ ಅ ತೊರೀನೊ ಪೆರ್ ಒತ್ತೊ ಅನ್ನಿ’, ಎರಡನೆಯದು ‘ಅಲ್ಲೋರ ಅಬಿತಾವೊ ಅ ತೊರೀನೊ’. ‘ಮೂರು ತಿಂಗಳು ದಿನಾ ಬೆಳಿಗ್ಗೆ ಜಿಮ್‌ಗೆ ಹೋಗುತ್ತಿದ್ದೆ’ ಎಂದು ಕನ್ನಡದಲ್ಲಿ ನಿಶ್ಚಿಂತೆಯಿಂದ ಹೇಳಬಹುದು, ಇಟಾಲಿಯನ್ನಿನಲ್ಲಿ ‘ಪೆರ್ ತ್ರೆ ಮೇಸಿ’ ಬಂದಿತೆಂದರೆ ‘ಸೋನೊ ಅಂದಾತೊ ಇನ್ ಪಲೆಸ್ತ್ರ ಒಞ್ಞಿ ಮತ್ತೀನ’ ಎನ್ನಬೇಕು. ಅಲ್ಲಿ ‘ಒಞ್ಞಿ’ ಇದ್ದರೂ ‘ಪೆರ್’ ಗೆಲ್ಲುತ್ತದೆ.

ಇಟಲಿಯ ಸಾರ್ವಜನಿಕ ನೆನಪಿನಿಂದಲೇ ಒಂದು ಉದಾಹರಣೆ. ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ ರಾಯ್‌ನ ದೂರದರ್ಶನದಲ್ಲಿ ರಾತ್ರಿ ಊಟದ ಹೊತ್ತಿನ ಬಳಿಕ ‘ಕರೊಸೆಲ್ಲೊ’ ಎಂಬ ಜಾಹೀರಾತು ಕಾರ್ಯಕ್ರಮ ಬರುತ್ತಿತ್ತು, ಅದು ಮುಗಿದರೆ ಮಕ್ಕಳು ಮಲಗಬೇಕು ಎಂಬುದು ಮನೆಮನೆಯ ಕಟ್ಟಳೆ. ‘ಇ ಬಂಬೀನಿ ಗ್ವರ್ದಾವನೊ ಕರೊಸೆಲ್ಲೊ ಎ ಪೋಯಿ ಅಂದಾವನೊ ಅ ಲೆತ್ತೊ’: ಮಕ್ಕಳು ಕರೊಸೆಲ್ಲೊ ನೋಡಿ ಮಲಗಲು ಹೋಗುತ್ತಿದ್ದರು. ಆದರೆ ಕಾರ್ಯಕ್ರಮದ ಆಯುಸ್ಸು ಹೇಳುವಾಗ ‘ಕರೊಸೆಲ್ಲೊ ಎ ಅಂದಾತೊ ಇನ್ ಒಂದ ದಲ್ 1957 ಅಲ್ 1977’, ಅಂದರೆ 1957ರಿಂದ 1977ರವರೆಗೆ ಪ್ರಸಾರವಾಯಿತು. ಅದೇ ಕಾರ್ಯಕ್ರಮ, ಅದೇ ವರ್ಷಗಳು. ಒಳಗಿನಿಂದ ನೋಡಿದರೆ ಅಭ್ಯಾಸ, ಹೊರಗಿನಿಂದ ಅಳೆದರೆ ಮುಗಿದ ಸಂಗತಿ. 2002ರಲ್ಲಿ ಯೂರೊ ನೋಟು ಬರುವ ಮೊದಲಿನ ಕಾಲದ ಬಗ್ಗೆ ಹೇಳುವಾಗಲೂ ಹಿರಿಯರ ಬಾಯಲ್ಲಿ ಇದೇ ರೂಪ ಕೇಳುತ್ತದೆ: ‘ಊನ ವೊಲ್ತ ಸಿ ಪಗಾವ ಇನ್ ಲೀರೆ’ (ಹಿಂದೆಲ್ಲ ಲೀರೆಯಲ್ಲಿ ಹಣ ಕೊಡುತ್ತಿದ್ದರು).

‘ಸೆಂಪ್ರೆ’ ಕಂಡ ಕೂಡಲೇ ಇಂಪೆರ್ಫೆತ್ತೊ ಎಂದು ನಿರ್ಧರಿಸಬೇಡಿ. ‘ಮಿ ಎ ಸೆಂಪ್ರೆ ಪ್ಯಚೂತೊ ಇಲ್ ಮಾರೆ’ ಎಂದರೆ ಕಡಲು ಮೊದಲಿನಿಂದ ಇಂದಿನವರೆಗೂ ಇಷ್ಟ.

ಹಂತ 7: ‘ಇತ್ತು’ ಮತ್ತು ‘ಆಯಿತು’

ಮನಸ್ಸಿನ ಸ್ಥಿತಿ ಹೇಳುವ ಕ್ರಿಯಾಪದಗಳು ಇತರ ಭಾಷಿಕರಿಗೆ ದೊಡ್ಡ ತಲೆನೋವು. ಕನ್ನಡಿಗರಿಗೆ ಅದರ ಬೀಗದ ಕೈ ಬಾಯಲ್ಲೇ ಇದೆ. ‘ಇತ್ತು’ ಬಂದಲ್ಲಿ ಇಂಪೆರ್ಫೆತ್ತೊ, ‘ಆಯಿತು’ ಬಂದಲ್ಲಿ ಪಸ್ಸಾತೊ ಪ್ರೊಸ್ಸಿಮೊ.

ಗೊತ್ತಿತ್ತು: ಸಪೇವೊ. ಗೊತ್ತಾಯಿತು: ಒ ಸಪೂತೊ.
ಪರಿಚಯವಿತ್ತು: ಕೊನೊಶ್ಶೇವೊ. ಪರಿಚಯವಾಯಿತು: ಒ ಕೊನೊಶ್ಶೂತೊ.
ಇಷ್ಟವಿತ್ತು: ಮಿ ಪ್ಯಚೇವ. ಇಷ್ಟವಾಯಿತು: ಮಿ ಎ ಪ್ಯಚೂತೊ.
ಹೋಗಬೇಕಿತ್ತು: ದೊವೇವೊ ಅಂದಾರೆ. ಹೋಗಬೇಕಾಯಿತು: ಸೋನೊ ದೊವೂತೊ ಅಂದಾರೆ.

ಕೊನೆಯ ಜೋಡಿ ನಿಜಕ್ಕೂ ಸೊಗಸು. ‘ಹೋಗಬೇಕಿತ್ತು’ ಎಂದರೆ ಹೋದರೋ ಇಲ್ಲವೋ ತಿಳಿಯದು. ‘ಹೋಗಬೇಕಾಯಿತು’ ಎಂದರೆ ಹೋದದ್ದು ಖಚಿತ. ಇಟಾಲಿಯನ್ನಿನಲ್ಲೂ ಅಷ್ಟೇ ಖಚಿತವಾಗಿ ಅದೇ ವ್ಯತ್ಯಾಸ. ‘ಮಿ ಪ್ಯಚೇವ’ ಕೂಡ ನಮ್ಮ ‘ನನಗೆ ಇಷ್ಟವಿತ್ತು’ ಜಾಡಿನದೇ, ಇಷ್ಟವಾದ ವಸ್ತುವೇ ಕರ್ತೃ. ಹಲವಿದ್ದರೆ ‘ಇಷ್ಟವಿದ್ದವು’ ಎನ್ನುವಂತೆ ‘ಮಿ ಪ್ಯಚೇವನೊ’.

ಹಂತ 8: ‘ಸ್ತಾವೊ’ ಬಲೆ

‘ಹೋಗುತ್ತಾ ಇದ್ದೆ’ ಎಂಬುದನ್ನು ಬಿಡಿಸಿ ‘ಸ್ತಾವೊ ಅಂದಂದೊ’ ಎನ್ನುವುದು ಆಕರ್ಷಕ, ಏಕೆಂದರೆ ಎರಡೂ ಕಡೆ ಎರಡೆರಡು ಪದ. ಆದರೆ ಅದು ಆ ಗಳಿಗೆಯಲ್ಲಿ ನಡೆಯುತ್ತಿದ್ದ ಕ್ರಿಯೆಗೆ ಮಾತ್ರ: ‘ಫೋನ್ ಬಂದಾಗ ತಿನ್ನುತ್ತಾ ಇದ್ದೆ.’ ದಿನಾ ಮಾಡುತ್ತಿದ್ದ ಕೆಲಸಕ್ಕೆ ‘ಸ್ತಾವೊ’ ಬಾರದು. ‘ಒಞ್ಞಿ ಜೊರ್ನೊ ಸ್ತಾವೊ ಅಂದಂದೊ’ ತಪ್ಪು, ‘ಒಞ್ಞಿ ಜೊರ್ನೊ ಅಂದಾವೊ’ ಸರಿ.

ಎಲ್ಲ ಸೇರಿಸಿ ಒಂದು ಪ್ಯಾರಾ

‘ದ ಬಂಬೀನ ಪಸ್ಸಾವೊ ಲೆಸ್ತಾತೆ ದಾಯಿ ನೊನ್ನಿ, ವಿಚೀನೊ ಅ ಬೊಲೊಞ್ಞ. ಲ ಕಾಸ ಏರ ಗ್ರಂದೆ ಎ ಚೇರನೊ ಮೊಲ್ತಿ ಅಲ್ಬೆರಿ. ಲ ದೊಮೇನಿಕ ಲ ನೊನ್ನ ಫಚೇವ ಲೆ ತಲ್ಯತೆಲ್ಲೆ ಎ ನೋಯಿ ಮಂಜವಾಮೊ ಇನ್ ಕೊರ್ತೀಲೆ. ದೋಪೊ ಪ್ರಂದ್ಜೊ ಇಲ್ ನೊನ್ನೊ ಜೊಕಾವ ಅ ಕರ್ತೆ ಕೊನ್ ನೋಯಿ. ಕ್ವಂದೊ ಪ್ಯೊವೇವ, ರೆಸ್ತವಾಮೊ ಇನ್ ಕುಚೀನ. ಉನೆಸ್ತಾತೆ ಲ ನೊನ್ನ ಮಿ ಅ ಇನ್ಸೆಞ್ಞಾತೊ ಅ ಫಾರೆ ಲ ಸ್ಫೊಲ್ಯ.’

ಚಿಕ್ಕವಳಿದ್ದಾಗ ಬೇಸಿಗೆಯನ್ನು ಬೊಲೊಞ್ಞ ಹತ್ತಿರ ಅಜ್ಜ ಅಜ್ಜಿಯ ಮನೆಯಲ್ಲಿ ಕಳೆಯುತ್ತಿದ್ದೆ. ಮನೆ ದೊಡ್ಡದಿತ್ತು, ತುಂಬ ಮರಗಳಿದ್ದವು. ಭಾನುವಾರ ಅಜ್ಜಿ ತಲ್ಯತೆಲ್ಲೆ (ಪಟ್ಟಿಯಂತಿರುವ ಪಾಸ್ತಾ) ಮಾಡುತ್ತಿದ್ದರು, ನಾವು ಅಂಗಳದಲ್ಲಿ ಊಟ ಮಾಡುತ್ತಿದ್ದೆವು. ಊಟವಾದ ಮೇಲೆ ಅಜ್ಜ ನಮ್ಮ ಜೊತೆ ಇಸ್ಪೀಟು ಆಡುತ್ತಿದ್ದರು. ಮಳೆ ಬಂದಾಗ ಅಡುಗೆಮನೆಯಲ್ಲೇ ಇರುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅಜ್ಜಿ ನನಗೆ ಪಾಸ್ತಾದ ಹಾಳೆ ಲಟ್ಟಿಸಲು ಕಲಿಸಿದರು.

ಕೊನೆಯ ವಾಕ್ಯದಲ್ಲಿ ಕ್ರಿಯಾರೂಪ ಬದಲಾದದ್ದನ್ನು ನೋಡಿ. ಅಲ್ಲಿಯವರೆಗೆ ಹಿನ್ನೆಲೆ, ಆಮೇಲೆ ಘಟನೆ. ಈ ಪ್ಯಾರಾವನ್ನೇ ಅಚ್ಚಾಗಿಟ್ಟುಕೊಂಡು ನಿಮ್ಮದನ್ನು ಬರೆಯಿರಿ: ಐದು ವಾಕ್ಯ ಅಭ್ಯಾಸ, ಒಂದು ವಾಕ್ಯ ಘಟನೆ. ಬರೆದ ಮೇಲೆ ಮೂರು ಸಲ ತಿರುವಿ ನೋಡಿ. ಮೊದಲ ಸಲ ‘ಪೆರ್’ ಅಥವಾ ಒಟ್ಟು ಸಂಖ್ಯೆ ಇರುವ ವಾಕ್ಯಗಳನ್ನು ಹುಡುಕಿ. ಎರಡನೆಯ ಸಲ ಹಿರಿಯರ ಹೆಸರಿನ ಮುಂದೆ ‘ವನೊ’ ನುಸುಳಿದೆಯೇ ನೋಡಿ. ಮೂರನೆಯ ಸಲ ಗಟ್ಟಿಯಾಗಿ ಓದಿ, ಕಿವಿ ಒತ್ತಿನ ಮೇಲಿರಲಿ.

ದಕ್ಷಿಣದಲ್ಲಿ, ಅದರಲ್ಲೂ ಸಿಸಿಲಿಯಲ್ಲಿ, ಮುಗಿದ ಘಟನೆಗೆ ‘ಪಸ್ಸಾತೊ ರೆಮೋತೊ’ ಎಂಬ ಬೇರೆ ರೂಪ ಹೆಚ್ಚಾಗಿ ಕೇಳುತ್ತದೆ. ಅದರಿಂದ ಗಾಬರಿ ಬೇಡ, ಅಭ್ಯಾಸ ಹೇಳುವ ಇಂಪೆರ್ಫೆತ್ತೊ ಎಲ್ಲೆಡೆಯೂ ಒಂದೇ.

ಇಂಪೆರ್ಫೆತ್ತೊ ಅಭ್ಯಾಸದ ಆಚೆಗೂ ಕಿವಿಗೆ ಬೀಳುತ್ತದೆ. ಅಂಗಡಿಯಲ್ಲಿ ‘ವೊಲೇವೊ’ (ಬೇಕಿತ್ತು) ಎನ್ನುವುದು ನಮ್ಮ ‘ಒಂದು ಕಾಫಿ ಬೇಕಿತ್ತು’ ಎನ್ನುವಷ್ಟೇ ನಯದ ಮಾತು. ‘ನೀನು ಹೇಳಿದ್ದರೆ ಬರುತ್ತಿದ್ದೆ’ ಎಂಬುದಕ್ಕೆ ಇಟಾಲಿಯನ್ನರು ಆಡುಮಾತಿನಲ್ಲಿ ‘ಸೆ ಮೆ ಲೊ ದಿಚೇವಿ, ವೆನೀವೊ’ ಎನ್ನುತ್ತಾರೆ, ನಮ್ಮ ‘ಬರುತ್ತಿದ್ದೆ’ಗೆ ಅವರ ‘ವೆನೀವೊ’. ಸ್ನೇಹಿತರ ನಡುವೆ ಧಾರಾಳವಾಗಿ ಬಳಸಿ. ಪರೀಕ್ಷೆಯ ಬರಹದಲ್ಲಿ ಮಾತ್ರ ‘ಸೆ ಮೆ ಲವೆಸ್ಸಿ ದೆತ್ತೊ, ಸರೇಯಿ ವೆನೂತೊ’ ಎಂದೇ ಬರೆಯಿರಿ.